ಕಿರ್ರಣ್ಣನ ಬಲಗಾಲು

ಹೆಂಡತಿ ಮಂಚದ ಅಂಚಿನಲ್ಲಿ ಕೂತು ಮೊಣಕಾಲಿನ ಕೆಳಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಅಲ್ಲೊಂದು ನೀಲಿ ಗುರುತು. ನೇರಳೆಹಣ್ಣು ಜಜ್ಜಿ ಮೆತ್ತಿದ ಹಾಗಿತ್ತು.

“ಮತ್ತೆ ಒದ್ದೆನಾ?” ಬ್ರಷ್ಷನ್ನು ಬಾಯಲ್ಲೇ ಇಟ್ಟುಕೊಂಡು ಗಂಡ ಕೇಳಿದ.

“ಒದ್ದಿದ್ರೆ ನಾನೂ ವಾಪಸ್ ಒದ್ದು ಮಲಗ್ತಿದ್ದೆ. ನೀವು ಒದೆಯಲ್ಲ ರೀ, ಒತ್ತುತ್ತೀರಿ. ಬೆಳಗಾಗೋವರೆಗೂ ಬಲಗಾಲಲ್ಲಿ ಒತ್ತಿ ಹಿಡ್ಕೊಂಡೇ ಇರ್ತೀರಿ. ಏನದು ಅಂತ ಕೇಳಿದ್ರೆ, ‘ಸುಮ್ನಿರೇ, ಇಳಿಜಾರು’ ಅಂತ ಗೊರಕೆ ಹೊಡೀತೀರಿ.”

ಈ ಮಾತನ್ನು ಅವನು ಆ ಕ್ಷಣವೇ ಸ್ವಲ್ಪ ತಲೆಗೆ ಹಾಕಿಕೊಂಡಿದ್ದರೆ, ಅಂದು ಒಂದು ಗೋಡೆ ಉಳಿಯುತ್ತಿತ್ತು, ಒಂದು ಹಗ್ಗದ ತುಂಬ ಒಣಹಾಕಿದ ಬಟ್ಟೆ ಉಳಿಯುತ್ತಿತ್ತು, ಈ ಕತೆ ಮಾತ್ರ ಉಳಿಯುತ್ತಿರಲಿಲ್ಲ. ಆದರೆ ಅವನು ಬಾಯಿ ಮುಕ್ಕಳಿಸಿ, ಬೂಟು ಹಾಕಿಕೊಂಡು ಹೊರಟುಬಿಟ್ಟ. ಬುಲ್ಡೋಜರ್ ಓಡಿಸುವವನಿಗೆ ಮನೆಯ ಮಂಚದ ಮೇಲಿನ ಅಪಘಾತಗಳನ್ನು ವಿಚಾರಿಸುತ್ತ ಕೂರಲು ಪುರುಸೊತ್ತೆಲ್ಲಿ?

ಊರಿನ ಅಂಚಿನ ಗುಡ್ಡವನ್ನು ಕೆರೆದು ಮಕ್ಕಳಿಗೆ ಆಟದ ಬಯಲು ಮಾಡುವ ಕೆಲಸ ನಡೆದಿತ್ತು. ಗುಡ್ಡದ ಬುಡದಲ್ಲಿ ಒಂದು ಓಣಿ, ನೆತ್ತಿಯ ಮೇಲೆ ಅವನ ಹಳದಿ ಬುಲ್ಡೋಜರ್. ಅದಕ್ಕೆ ಅವನು ಅಕ್ಕರೆಯಿಂದ ಅಮ್ಮಣ್ಣಿ ಎಂದು ಹೆಸರಿಟ್ಟಿದ್ದ. ಹೆಸರೇನೋ ಬಳ್ಳಿಯಂಥ ಹುಡುಗಿಗೆ ಒಪ್ಪುವಂಥದ್ದು. ಆದರೆ ಅಮ್ಮಣ್ಣಿ ಇಳಿಜಾರಿನಲ್ಲಿ ಮೈ ಅಲುಗಿಸಿದಳೆಂದರೆ ಅವಳ ಬ್ರೇಕಿನಿಂದ ‘ಕಿರ್ರ್ರ್’ ಎಂದು ಒಂದು ಸದ್ದು ಏಳುತ್ತಿತ್ತು. ಏಳು ಕಾಡಿನಾಚೆಯ ರಾಕ್ಷಸಿ, ರಾಜಕುಮಾರನ ವಾಸನೆ ಹಿಡಿದು ಹಲ್ಲು ಮಸೆದರೆ ಹೇಗಿರುತ್ತದೋ ಹಾಗೆ. ಆ ಸದ್ದಿಗೆ ಓಣಿಯಲ್ಲಿ ಮಲಗಿದ್ದ ಕೂಸುಗಳು ಎದ್ದು ಅಳುತ್ತಿದ್ದವು. ಮೊದಲೇ ಅಳುತ್ತಿದ್ದ ಕೂಸುಗಳು ಬೆರಗಾಗಿ ಸುಮ್ಮನಾಗುತ್ತಿದ್ದವು. ಹೀಗಾಗಿ ಇಡೀ ಓಣಿ ಅವನಿಗಿಟ್ಟ ಹೆಸರು ಕಿರ್ರಣ್ಣ. ಅವನ ನಿಜವಾದ ಹೆಸರು ಈಗ ಹೆಂಡತಿಗೂ ಸ್ವಲ್ಪ ಯೋಚಿಸಿದ ಮೇಲೇ ನೆನಪಾಗುತ್ತಿತ್ತು.

ಗುಡ್ಡದ ಮೇಲೆ ಇನ್ನೊಂದು ಬುಲ್ಡೋಜರ್ ಇತ್ತು. ಅದರ ಡ್ರೈವರಿಗೆ ಆಕಳಿಕೆ ಎಂದು ಹೆಸರು. ಅವನು ಗ್ರೀಸ್ ಡಬ್ಬಿಯನ್ನು ತಲೆದಿಂಬು ಮಾಡಿಕೊಂಡಿದ್ದನೇ ಹೊರತು ಎಂದೂ ಅದರ ಮುಚ್ಚಳ ತೆಗೆದಿರಲಿಲ್ಲ. ಅವನ ಮೆಷಿನ್ನೂ ಕಿರುಚುತ್ತಿತ್ತು. ಆದರೆ ಅವನು ಅದನ್ನು ಓಡಿಸುತ್ತಿದ್ದುದೇ ಅಪರೂಪವಾದ್ದರಿಂದ ಯಾರೂ ಅವನ ತಂಟೆಗೆ ಹೋಗುತ್ತಿರಲಿಲ್ಲ.

ಅಂದು ಕಿರ್ರಣ್ಣ ಗುಡ್ಡ ಹತ್ತಿದಾಗ ಸೂಪರ್‌ವೈಸರು ಹಲ್ಲುಕಡ್ಡಿ ಕಚ್ಚಿಕೊಂಡು ಕಾಯುತ್ತಿದ್ದ.

“ಸಂಜೆ ಯಜಮಾನರು ಬರ್ತಾರೆ ಕಣಯ್ಯಾ. ಹೊಸ ಬುಲ್ಡೋಜರ್ ಬರ್ತಾ ಇದೆ. ಸುತ್ತ ಗಾಜಿನ ಕ್ಯಾಬಿನ್ನು, ಒಳಗೆ ತಣ್ಣಗೆ ಗಾಳಿ, ಸೀಟಂತೂ ಮದುಮಗನ ಕುರ್ಚಿ. ನಿಮ್ಮಿಬ್ಬರಲ್ಲಿ ಒಬ್ಬರಿಗೆ ಕೊಡ್ತಾರಂತೆ.”

“ಯಾರಿಗೆ?”

“ಎರಡು ಮೆಷಿನ್ನನ್ನೂ ಓಡಿಸಿ ನೋಡ್ತಾರೆ. ಸದ್ದು ಕೇಳಿಯೇ ತೀರ್ಮಾನ ಅಂದಿದ್ದಾರೆ. ಅದರ ಮೇಲೆ ನನ್ನನ್ನ ಕೇಳಬೇಡ, ಕಿವಿ ಅವರದ್ದು.”

ಗಾಜಿನ ಕ್ಯಾಬಿನ್ನು ಕಿರ್ರಣ್ಣನ ಕಣ್ಣ ಮುಂದೆ ಗಂಧರ್ವರ ವಿಮಾನದಂತೆ ತೇಲಿತು. ಅಮ್ಮಣ್ಣಿಯ ಸೀಟಿನ ಹಿಂದಿನ ಬೋಲ್ಟು ಎಂದೋ ಉದುರಿ, ಕೂತವನು ಮುಂದಕ್ಕೆ ಜಾರುತ್ತಲೇ ಇರಬೇಕಿತ್ತು. ಜಾರದ ಸೀಟು, ಧೂಳಿಲ್ಲದ ಗಾಳಿ. ಎಲ್ಲಕ್ಕಿಂತ ಮೇಲಾಗಿ, ಕಿರ್ರಣ್ಣ ಎಂಬ ಹೆಸರಿಗೆ ವಿದಾಯ. ಸಂಜೆಯೊಳಗೆ ಅಮ್ಮಣ್ಣಿಯ ಬಾಯಿ ಮುಚ್ಚಿಸಿದರಾಯಿತು, ಅಷ್ಟೇ.

ಅವನು ಆಕಳಿಕೆಯ ಕಡೆ ಓಡಿದ. ಆಕಳಿಕೆ ತನ್ನ ಮೆಷಿನ್ನಿನ ನೆರಳಲ್ಲಿ ಕಾಲು ಚಾಚಿದ್ದ.

“ಸುದ್ದಿ ಕೇಳಿದ್ಯೇನೋ? ನಿನ್ನ ಬ್ರೇಕ್ ಸರಿಮಾಡ್ಕೊಳ್ಳಲ್ವಾ?”

“ಅರಚಿಕೊಳ್ಳಲಿ ಬಿಡಣ್ಣಾ,” ಆಕಳಿಕೆ ಒಂದು ಕಣ್ಣು ಮಾತ್ರ ತೆರೆದ. “ಹೊಸದೆಲ್ಲ ನಿನ್ನಂಥ ಚುರುಕಿನವರಿಗೆ. ನನಗೆ ಈ ನೆರಳು ಸಾಕು.”

ಎದುರಾಳಿ ಯುದ್ಧಕ್ಕೆ ಮುಂಚೆಯೇ ಮಲಗಿಬಿಟ್ಟಿದ್ದ. ಕಿರ್ರಣ್ಣನ ಉತ್ಸಾಹ ಇಮ್ಮಡಿಯಾಯಿತು. ಮೆಕ್ಯಾನಿಕ್ಕಿಗೆ ಫೋನು ಮಾಡಿದ. ಮೆಕ್ಯಾನಿಕ್ ಇನ್ನೊಂದು ಊರಿನಲ್ಲಿ ಲಾರಿಯ ಹೊಟ್ಟೆಯಡಿ ಮಲಗಿದ್ದಾನಂತೆ, ನಾಳೆಯವರೆಗೂ ಹೊರಗೆ ಬರುವುದಿಲ್ಲವಂತೆ. ಕಿರ್ರಣ್ಣ ಪೆಚ್ಚಾಗಿ ಓಣಿಗೆ ಇಳಿದಾಗ ಮೂಲೆಯಿಂದ ಪಂಕ್ಚರ್ ಮಾವ ಕೂಗಿದ. ಸೈಕಲ್ ರಿಪೇರಿ ಅಂಗಡಿಯ ಮುದುಕ, ಓಣಿಗೆಲ್ಲ ಮಾವ.

“ಏನೋ ಕಿರ್ರಣ್ಣ, ಮುಖ ಯಾಕೆ ಗಾಳಿ ಹೋದ ಟ್ಯೂಬ್ ಆಗಿದೆ?”

ಕಿರ್ರಣ್ಣ ಎಲ್ಲ ಹೇಳಿಕೊಂಡ. ಮಾವ ಗಡ್ಡ ಕೆರೆದುಕೊಂಡ.

“ಬ್ರೇಕು ಅಂದ್ರೆ ಬ್ರೇಕು. ಸೈಕಲ್ಲಿಗಾದ್ರೇನು, ಬುಲ್ಡೋಜರಿಗಾದ್ರೇನು. ಒಣಗಿದೆ, ಅದಕ್ಕೆ ಅಳ್ತಾ ಇದೆ. ಒಂದು ಡಬ್ಬ ಎಣ್ಣೆ ಸಾಕು.”

ಬುಲ್ಡೋಜರಿನ ಬ್ರೇಕಿನ ವಿಷಯ ಕಿರ್ರಣ್ಣನಿಗೆ ಗೊತ್ತಿಲ್ಲದ್ದೇನಲ್ಲ. ಸೀಟಿನ ಹಿಂದೆ ತಿರುಗುವ ಕಬ್ಬಿಣದ ಡ್ರಮ್ಮು, ಅದರ ಸುತ್ತ ಒಂದು ಪಟ್ಟಿ. ಪೆಡಲ್ ಒತ್ತಿದರೆ ಪಟ್ಟಿ ಡ್ರಮ್ಮನ್ನು ಗಟ್ಟಿಯಾಗಿ ತಬ್ಬಿ ನಿಲ್ಲಿಸುತ್ತದೆ. ಎಣ್ಣೆ ಹಚ್ಚಿದವರನ್ನು ತಬ್ಬಿ ಹಿಡಿಯಲಾಗುವುದಿಲ್ಲ ಎಂಬುದನ್ನು ಚಿಕ್ಕ ಮಗುವನ್ನು ಸ್ನಾನಕ್ಕೆ ಕೂರಿಸಿದ ಯಾವ ತಾಯಿಯಾದರೂ ಹೇಳಿಯಾಳು. ಆದರೆ ಗಾಜಿನ ಕ್ಯಾಬಿನ್ನು ಕಣ್ಣಲ್ಲಿ ತುಂಬಿಕೊಂಡವನಿಗೆ ಬೇರೇನು ಕಾಣುತ್ತದೆ? ಮಾವ ಅವನ ಜತೆ ಗುಡ್ಡ ಹತ್ತಿ, ಡ್ರಮ್ಮಿನ ಮೇಲೆ ಡಬ್ಬ ಎತ್ತಿ ಹೊಯ್ದ. ಕಿರ್ರಣ್ಣ ಮೆಷಿನ್ ಶುರು ಮಾಡಿ ಇಳಿಜಾರಿಗೆ ತಂದ. ಸದ್ದಿಲ್ಲ. ಮಾವ ಕುಣಿದಾಡಿದ. ಕಿರ್ರಣ್ಣ ಆನಂದದಿಂದ ಗೇರನ್ನು ನ್ಯೂಟ್ರಲ್ಲಿಗೆ ತಂದು ಬ್ರೇಕ್ ಒತ್ತಿದ.

ಅಮ್ಮಣ್ಣಿ ನಿಲ್ಲಲಿಲ್ಲ.

ಇನ್ನೂ ಒತ್ತಿದ. ಅವಳು ತವರುಮನೆಗೆ ಹೊರಟವಳಂತೆ ಗಂಭೀರವಾಗಿ, ತಿರುಗಿಯೂ ನೋಡದೆ, ಇಳಿಯುತ್ತಲೇ ಹೋದಳು. ವೇಗವೇನೂ ಇಲ್ಲ, ಉಂಡ ಎಮ್ಮೆಯ ನಡಿಗೆ. ಆದರೆ ಮನೆಯಷ್ಟು ದೊಡ್ಡ ಎಮ್ಮೆ. ಪಂಕ್ಚರ್ ಮಾವ ಮುಂದೆ ಮುಂದೆ ಓಡುತ್ತ, “ದಾರಿ ಬಿಡಿ, ಎಣ್ಣೆ ಹೆಚ್ಚಾಗಿದೆ, ದಾರಿ ಬಿಡಿ,” ಎಂದು ಸಾರಿದ. ಕೋಳಿಗಳು ಮಾಡು ಹತ್ತಿದವು. ಇಸ್ತ್ರಿ ಅಂಗಡಿಯವನು ಕಾದ ಇಸ್ತ್ರಿಪೆಟ್ಟಿಗೆಯನ್ನು ಎತ್ತಿಕೊಂಡೇ ಓಡಿದ. ಸಂಗೀತದ ಟೀಚರಮ್ಮನ ಬಟ್ಟೆ ಹಗ್ಗ ಅಮ್ಮಣ್ಣಿಯ ಬ್ಲೇಡಿಗೆ ಸಿಕ್ಕಿಕೊಂಡಿತು. ಹಾಸಿಗೆ ಹೊದಿಕೆಗಳು, ದಿಂಬಿನ ಚೀಲಗಳು ಮೆರವಣಿಗೆಯ ಬಾವುಟಗಳಂತೆ ಹಾರಾಡಿದವು. ಆಮೇಲೆ ಟೀಚರಮ್ಮನ ಕಾಂಪೌಂಡ್ ಗೋಡೆಯ ಅರ್ಧ ಭಾಗ ದೊಪ್ಪನೆ ಕುಳಿತುಕೊಂಡಿತು. ಆಗ ಕಿರ್ರಣ್ಣನಿಗೆ ಕಲಿತ ವಿದ್ಯೆ ನೆನಪಾಯಿತು. ಲಿವರ್ ಎಳೆದು ಬ್ಲೇಡನ್ನು ನೆಲಕ್ಕೆ ಇಳಿಸಿದ. ಬ್ಲೇಡು ಮಣ್ಣಿಗೆ ಕಚ್ಚಿತು. ಅಮ್ಮಣ್ಣಿ ನಿಟ್ಟುಸಿರು ಬಿಟ್ಟು ನಿಂತಳು.

ಟೀಚರಮ್ಮ ಹೊರಗೆ ಬಂದರು. ಕನ್ನಡಕ ಸರಿಮಾಡಿಕೊಂಡು ಗೋಡೆ ಇದ್ದ ಜಾಗವನ್ನು ನೋಡಿದರು.

“ಇಷ್ಟು ದಿನ ನಿನ್ನ ಸದ್ದು ಮಾತ್ರ ಮನೆಯೊಳಗೆ ಬರ್ತಿತ್ತು. ಇವತ್ತು ನೀನೇ ಬಂದ್ಯಾ?”

“ತಪ್ಪಾಯ್ತು ಟೀಚರಮ್ಮ. ಸದ್ದು ನಿಲ್ಲಿಸೋಕೆ ಹೋಗಿ…”

“ಸದ್ದು ನಿಲ್ಲಿಸೋಕಾ?” ಟೀಚರಮ್ಮನ ಮುಖ ಅರಳಿತು. ಗೋಡೆಯ ದುಃಖ ಅಲ್ಲೇ ಅರ್ಧ ಇಳಿಯಿತು. “ನನ್ನ ಶಿಷ್ಯೆಯರೆಲ್ಲ ನಿನ್ನ ಬ್ರೇಕಿನ ಶ್ರುತಿಗೇ ಹಾಡೋದು ಕಲ್ತುಬಿಟ್ಟಿದ್ದಾರೆ ಕಣಪ್ಪ. ಕೇಳು, ಒಂದು ಮಾತು ಹೇಳ್ತೀನಿ. ನಿನ್ನ ಗಾಡಿ ನಿಲ್ಲುವಾಗ ಕಿರುಚಲ್ಲ. ನಿಂತ ಮೇಲೆ ಸುಮ್ಮನಾಗುತ್ತೆ, ನಡೆಯುವಾಗಲೇ ಕಿರುಚೋದು. ಬ್ರೇಕಿಗೆ ನಡೆಯುವಾಗ ಏನು ಕೆಲಸ?”

ಕಿರ್ರಣ್ಣ ಅಮ್ಮಣ್ಣಿಯ ಮೈ ಸವರಿದ. “ಗಾಡಿಗೆ ವಯಸ್ಸಾಯ್ತಲ್ಲ, ಅದಕ್ಕೆ,” ಎಂದ.

“ನನಗೂ ಆಯ್ತು. ನಾನು ಕಿರುಚ್ತೀನಾ?” ಎಂದರು ಟೀಚರಮ್ಮ.

ಅಷ್ಟರಲ್ಲಿ ಬುತ್ತಿ ಹಿಡಿದ ಹೆಂಡತಿ ಬಂದಳು. ಬಿದ್ದ ಗೋಡೆ, ಬ್ಲೇಡಿನ ಮೇಲೆ ಹಾರಾಡುವ ಹೊದಿಕೆ, ಗಂಡನ ಮುಖ ಎಲ್ಲವನ್ನೂ ಒಂದು ಸುತ್ತು ನೋಡಿದಳು. ಬೈಯಲಿಲ್ಲ. ಬುತ್ತಿ ಕೆಳಗಿಟ್ಟು ಅಮ್ಮಣ್ಣಿಯ ಪಕ್ಕದ ಮೆಟ್ಟಿಲು ಹತ್ತಿ ನಿಂತಳು.

“ಓಡಿಸಿ, ನೋಡೋಣ. ಮೇಲಕ್ಕೆ ಓಡಿಸಿ. ಮೇಲಕ್ಕಾದ್ರೆ ಗೋಡೆ ಇಲ್ಲ.”

ಕಿರ್ರಣ್ಣ ಗೇರ್ ಹಾಕಿ ಓಡಿಸಿದ. ಏರು ಹತ್ತಿ ಮುಗಿಯುವಷ್ಟರಲ್ಲಿ ಡ್ರಮ್ಮಿನಿಂದ ಎಣ್ಣೆ ಸುಟ್ಟ ಹೊಗೆ ಏಳಲಾರಂಭಿಸಿತು. ಹೊಗೆಯ ಜತೆಗೆ ಹಳೆಯ ಕಿರ್ರ್ ಸದ್ದೂ ಮೆಲ್ಲಗೆ ಮರಳಿ ಬಂತು. ಹೆಂಡತಿ ಡ್ರಮ್ಮಿನ ಕಡೆ ನೋಡಲೇ ಇಲ್ಲ. ಅವಳು ಬಗ್ಗಿ ಅವನ ಕಾಲಿನ ಕಡೆ ನೋಡುತ್ತಿದ್ದಳು.

“ರೀ, ನಿಮ್ಮ ಬಲಗಾಲು ಎಲ್ಲಿದೆ?”

“ಎಲ್ಲಿರುತ್ತೆ? ಕಾಲಿದ್ದ ಕಡೆ.”

“ಬಗ್ಗಿ ನೋಡಿ.”

ನೋಡಿದ. ಅವನ ಬಲಗಾಲು ಬ್ರೇಕ್ ಪೆಡಲಿನ ಮೇಲೆ, ಬೆಚ್ಚಗೆ ಮಲಗಿದ ಬೆಕ್ಕಿನಂತೆ, ತನ್ನ ಪಾಡಿಗೆ ತಾನು ಕೂತಿತ್ತು. ಸೀಟು ಮುಂದಕ್ಕೆ ಜಾರುತ್ತಿತ್ತಲ್ಲ. ಜಾರದಂತೆ ಅವನು ಪೆಡಲಿಗೆ ಕಾಲು ಕೊಟ್ಟು ಆನಿಕೊಳ್ಳುತ್ತಿದ್ದ. ದಿನವಿಡೀ ಒತ್ತಿ ಒತ್ತಿ, ಆ ಕಾಲಿಗೆ ರಾತ್ರಿಯಲ್ಲೂ ಅದೇ ಕೆಲಸ ಎನ್ನಿಸಿಬಿಟ್ಟಿತ್ತು.

“ಇದೇ ನೋಡಿ ನನ್ನ ಮೊಣಕಾಲು ಮುರಿಯೋ ಕಾಲು,” ಎಂದಳು ಹೆಂಡತಿ. “ನಾನಾದ್ರೆ ನೋವಾಗಿ ಪಕ್ಕಕ್ಕೆ ತಿರುಗಿ ಮಲಗ್ತೀನಿ. ಪಾಪ, ಅದು ಎಲ್ಲಿಗೆ ತಿರುಗುತ್ತೆ? ಕಿರುಚುತ್ತೆ.”

ಕಿರ್ರಣ್ಣ ಥಟ್ಟನೆ ಕಾಲೆತ್ತಿದ. ಏಳು ಸಮುದ್ರದಾಚೆಯ ಗಿಳಿಯಲ್ಲಿ ರಾಕ್ಷಸಿಯ ಜೀವ ಇರುತ್ತದೆಂದು ಲೋಕವೆಲ್ಲ ಅಲೆದವನಿಗೆ, ಆ ಗಿಳಿ ತನ್ನ ಬೂಟಿನೊಳಗೇ ಇದೆ ಎಂದು ತಿಳಿದರೆ ಹೇಗಾಗಬೇಡ?

ಆಮೇಲೆ ನಡೆದದ್ದು ಹಬ್ಬ. ಸದ್ದು ನಿಲ್ಲುತ್ತದಂತೆ ಎಂದು ಇಡೀ ಓಣಿ ಗುಡ್ಡ ಹತ್ತಿತು. ಸೀಟಿನ ಹಿಂದಿನ ಮುಚ್ಚಳ ಬಿಚ್ಚಿದರು. ಒಳಗೆ ಡ್ರಮ್ಮಿನ ಸುತ್ತ ಒಣಮಣ್ಣು ಮಡಕೆ ಮಾಡುವಷ್ಟಿತ್ತು. ಪಟ್ಟಿ ಹಗಲಿಡೀ ಉಜ್ಜಿಸಿಕೊಂಡು ಬಿಸಿಯಾಗಿ, ಗಾಜಿನಂತೆ ನುಣುಪಾಗಿತ್ತು. ಅದರ ಮೇಲೆ ಮಾವನ ಎಣ್ಣೆ. ಇಸ್ತ್ರಿ ಅಂಗಡಿಯವನು ಮಣ್ಣು ಕೆರೆದ. ಮಾವ ಪ್ರಾಯಶ್ಚಿತ್ತಕ್ಕೆಂದು ಪೆಟ್ರೋಲಿನಲ್ಲಿ ಪಟ್ಟಿಯ ಎಣ್ಣೆ ತೊಳೆದು, ಯಾರಾದರೂ ಬೆಂಕಿಕಡ್ಡಿ ಗೀರಿದರೆ ಕೈ ಮುರಿಯುತ್ತೇನೆ ಎಂದು ಕಾವಲು ನಿಂತ. ಟೀಚರಮ್ಮ ಸ್ಯಾಂಡ್‌ಪೇಪರ್ ಹಿಡಿದು ನುಣುಪು ಹೋಗುವಂತೆ ತಾಳಬದ್ಧವಾಗಿ ಉಜ್ಜಿದರು. ಕಿರ್ರಣ್ಣ ಪಟ್ಟಿಗೂ ಡ್ರಮ್ಮಿಗೂ ನಡುವೆ ಉಸಿರಾಡುವಷ್ಟು ಸಂದು ಬಿಟ್ಟು ಸ್ಕ್ರೂ ಬಿಗಿ ಮಾಡಿದ, ಸೀಟಿಗೆ ಹೊಸ ಬೋಲ್ಟು ಹಾಕಿದ. ಹೆಂಡತಿ ಮನೆಗೆ ಓಡಿ ಹೋಗಿ ಅಡುಗೆಮನೆಯ ಕಾಲ್ಮಣೆ ತಂದು ಪೆಡಲಿನ ಪಕ್ಕದಲ್ಲಿಟ್ಟಳು.

“ಇನ್ನು ಮೇಲೆ ನಿಮ್ಮ ಕಾಲಿನ ಮನೆ ಇದು. ಪೆಡಲಿಗೆ ಬರೀ ನೆಂಟನ ಹಾಗೆ ಹೋಗಿ ಬನ್ನಿ. ಹೋದ್ರೆ ಅಲ್ಲೇ ಠಿಕಾಣಿ ಹೂಡಬೇಡಿ.”

“ಗೆದ್ದರೆ ಹೊಸ ಗಾಡಿಯಲ್ಲಿ ಬಂದು ನನ್ನ ಗೋಡೆ ಕಟ್ಟಿಕೊಡ್ಬೇಕು,” ಎಂದರು ಟೀಚರಮ್ಮ.

“ಅರ್ಧ ಅಲ್ಲ ಟೀಚರಮ್ಮ, ಪೂರ್ತಿ ಹೊಸದಾಗಿ ಕಟ್ಟಿಕೊಡ್ತೀನಿ,” ಎಂದ ಕಿರ್ರಣ್ಣ ಉದಾರವಾಗಿ. ಆ ಮಾತನ್ನು ಓಣಿಯವರೆಲ್ಲ ಕೇಳಿಸಿಕೊಂಡರು.

ಬಿಸಿಲು ಇಳಿಯುವ ಹೊತ್ತಿಗೆ ದೊಡ್ಡ ಟ್ರೈಲರ್ ಲಾರಿಯ ಮೇಲೆ ಹೊಸ ಬುಲ್ಡೋಜರ್ ಬಂತು. ಸೂರ್ಯ ಅದರ ಗಾಜಿನಲ್ಲಿ ತನ್ನ ಮುಖ ನೋಡಿಕೊಂಡು ಹೊರಟಂತಿತ್ತು. ಹಿಂದೆ ಕಾರಿನಲ್ಲಿ ಯಜಮಾನರು. ಸೂಪರ್‌ವೈಸರು ಹಲ್ಲುಕಡ್ಡಿ ಬಿಸಾಕಿ ಕುರ್ಚಿ ಹಾಕಿದ.

“ಎಲ್ಲಿ, ಓಡಿಸಿ ನೋಡೋಣ,” ಎಂದರು ಯಜಮಾನರು.

ಮೊದಲು ಆಕಳಿಕೆ. ಅವನು ಆಕಳಿಸುತ್ತಲೇ ಹತ್ತಿ, ಮೆಷಿನ್ನನ್ನು ಇಳಿಜಾರಿಗೆ ಬಿಟ್ಟ. ಅಬ್ಬಾ, ಎಂಥ ಸದ್ದು. ರಾಕ್ಷಸಿ ಒಬ್ಬಳೇ ಅಲ್ಲ, ಅವಳ ತಂಗಿಯರು, ವಾರಗಿತ್ತಿಯರು ಎಲ್ಲ ಸೇರಿ ಹಲ್ಲು ಮಸೆದಂತಾಯಿತು. ಮರದ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದು ಪಕ್ಕದ ಊರಿಗೆ ಹೊರಟವು. ಯಜಮಾನರು ಎರಡೂ ಕಿವಿ ಮುಚ್ಚಿಕೊಂಡರು. ಆಕಳಿಕೆ ಬ್ಲೇಡನ್ನು ದಢಾರನೆ ನೆಲಕ್ಕೆ ಬಿಟ್ಟು ನಿಲ್ಲಿಸಿ, ಗೇರಿಗೆ ಹಾಕಿ, ಬ್ಲೇಡ್ ಮೇಲೆತ್ತಿ ಇಳಿದು ಬಂದ. ಓಣಿಯ ಜನ ಮುಸಿಮುಸಿ ನಕ್ಕರು. ಕಿರ್ರಣ್ಣ ಮನಸ್ಸಿನಲ್ಲೇ ಗಾಜಿನ ಕ್ಯಾಬಿನ್ನಿಗೆ ಪರದೆಯ ಬಣ್ಣ ಆರಿಸುತ್ತಿದ್ದ.

ಆಮೇಲೆ ಅಮ್ಮಣ್ಣಿ. ಕಿರ್ರಣ್ಣ ಬಲಗಾಲನ್ನು ಕಾಲ್ಮಣೆಯ ಮೇಲಿಟ್ಟ. ಅಮ್ಮಣ್ಣಿ ಇಳಿಜಾರಿನಲ್ಲಿ ಕೊಳಕ್ಕಿಳಿದ ಹಂಸದಂತೆ ಹೋದಳು. ತಿರುವಿನಲ್ಲಿ ತಿರುಗಿದಳು. ಬ್ರೇಕ್ ಮುಟ್ಟಿದರೆ ನಿಂತಳು, ಬಿಟ್ಟರೆ ನಡೆದಳು. ಒಂದು ಕಿರ್ ಇಲ್ಲ, ಒಂದು ಮುಲುಕಿಲ್ಲ. ಟೀಚರಮ್ಮ ಕಣ್ಣು ಮುಚ್ಚಿ ತಲೆದೂಗಿದರು. ಓಣಿ ಚಪ್ಪಾಳೆ ತಟ್ಟಿತು.

ಯಜಮಾನರು ಕುರ್ಚಿಯಿಂದ ಎದ್ದು ಬಂದು ಕಿರ್ರಣ್ಣನ ಬೆನ್ನು ತಟ್ಟಿದರು.

“ಭಲೇ. ಈ ಮೆಷಿನ್ನು ಹಾಳಾಗಿದೆ, ಊರೆಲ್ಲ ದೂರು ಹೇಳ್ತಿದೆ ಅಂತ ಇದನ್ನೇ ಗುಜರಿಗೆ ಹಾಕಿ, ಹೊಸದನ್ನ ನಿನಗೇ ಕೊಡೋಣ ಅಂತಿದ್ದೆ. ನೋಡಿದ್ರೆ ಇದಕ್ಕೆ ಯೌವನ ತುಂಬಿ ತುಳುಕ್ತಾ ಇದೆ. ಇಂಥ ಗಾಡಿಯನ್ನ ಯಾಕೆ ಬಿಡಬೇಕು?” ಅವರು ಆಕಳಿಕೆಯ ಕಡೆ ತಿರುಗಿದರು. “ಪಾಪ, ನೀನಪ್ಪಾ, ಆ ಡಬ್ಬದಲ್ಲಿ ಹೇಗೆ ಜೀವ ಹಿಡ್ಕೊಂಡಿದ್ಯೋ. ಹತ್ತು ಹೊಸದಕ್ಕೆ.”

ಆಕಳಿಕೆ ಆಕಳಿಸುವುದನ್ನು ಅರ್ಧಕ್ಕೇ ನಿಲ್ಲಿಸಿದ. ಅವನ ಜೀವನದಲ್ಲಿ ಅವನು ಮುಗಿಸದೆ ಬಿಟ್ಟ ಆಕಳಿಕೆ ಅದೊಂದೇ ಇರಬೇಕು.

ಕಿರ್ರಣ್ಣನ ಕಾಲ ಕೆಳಗಿನ ಗುಡ್ಡವೇ ಕುಸಿದಂತಾಯಿತು. “ಸಾರ್, ಒಂದು ನಿಮಿಷ ಸಾರ್. ಇದೂ ಕಿರುಚುತ್ತೆ ಸಾರ್. ಚೆನ್ನಾಗಿ ಕಿರುಚುತ್ತೆ. ಇವತ್ತು ಏನೋ ಮರೆತಿದೆ.” ಅವನು ಅಮ್ಮಣ್ಣಿಯ ಮೇಲೆ ಹಾರಿ, ಕಾಲ್ಮಣೆಯನ್ನು ಪಕ್ಕಕ್ಕೆ ಒದ್ದು, ಪೆಡಲನ್ನು ಬಲಗಾಲಿನಲ್ಲಿ ಒತ್ತಿ ಹಿಡಿದು ಓಡಿಸಿದ. ಮೇಲಕ್ಕೆ ಓಡಿಸಿದ, ಕೆಳಕ್ಕೆ ಓಡಿಸಿದ. “ಕಿರುಚೇ ಅಮ್ಮಣ್ಣಿ, ನಿನ್ನ ದಮ್ಮಯ್ಯ, ಒಂದೇ ಒಂದು ಸಲ ಕಿರುಚೇ,” ಎಂದು ಗೋಗರೆದ. ಇಡೀ ಓಣಿ ಉಜ್ಜಿ ತೊಳೆದ ಪಟ್ಟಿ ಅದು, ಮಾತೆತ್ತಲಿಲ್ಲ. ಅಮ್ಮಣ್ಣಿ ಮದುವೆಗೆ ತೋರಿಸಲು ಕೂರಿಸಿದ ಹುಡುಗಿಯಂತೆ ತಲೆ ತಗ್ಗಿಸಿಕೊಂಡು ಓಡಾಡಿದಳು.

“ಎಷ್ಟು ವಿನಯ ನೋಡಯ್ಯಾ,” ಯಜಮಾನರು ಸೂಪರ್‌ವೈಸರಿಗೆ ಹೇಳಿದರು. “ಕೆಲಸ ಮಾಡಿಯೂ ಮಾಡಿಲ್ಲ ಅಂತಾನೆ. ಇಂಥ ಕೈಗುಣ ಇರೋವನನ್ನ ಸರಿಯಾಗಿರೋ ಮೆಷಿನ್ನಿನ ಮೇಲೆ ಕೂರಿಸಿ ದಂಡ ಮಾಡಬಾರದು. ಇದನ್ನ ಯಾರು ಬೇಕಾದ್ರೂ ಓಡಿಸ್ತಾರೆ. ನಿನ್ನ ಭಾಮೈದ ಕೆಲಸ ಇಲ್ಲದೆ ಕೂತಿದ್ದಾನೆ ಅಂದ್ಯಲ್ಲ, ಅವನಿಗೆ ಕೊಡು. ಇವನು ಆ ಕಿರುಚೋ ಡಬ್ಬ ತಗೊಳ್ಳಲಿ. ಅದರ ಬ್ರೇಕನ್ನೂ ಗುಣ ಮಾಡಲಿ.”

“ಆಗಲಿ ಸಾರ್,” ಎಂದ ಸೂಪರ್‌ವೈಸರು, ಭಾಮೈದನಿಗೆ ಫೋನು ಮಾಡುತ್ತಲೇ.

ಯಜಮಾನರ ಕಣ್ಣೆದುರಿಗೇ ಕಿರ್ರಣ್ಣ ಆಕಳಿಕೆಯ ಹಳೆಯ ಮೆಷಿನ್ನು ಹತ್ತಬೇಕಾಯಿತು. ಹೆಂಡತಿ ಅಮ್ಮಣ್ಣಿಯೊಳಗಿಂದ ತನ್ನ ಕಾಲ್ಮಣೆ ಎತ್ತಿಕೊಂಡು, ಅದನ್ನು ಕಂಕುಳಲ್ಲಿರಿಸಿ ನಿಂತಳು. ಅವನು ಇಳಿಜಾರಿಗೆ ಇಳಿದ. ರಾಕ್ಷಸಿ, ತಂಗಿಯರು, ವಾರಗಿತ್ತಿಯರು ಎಲ್ಲರೂ ಒಟ್ಟಿಗೆ ಹಲ್ಲು ಮಸೆದರು. ಓಣಿಯಲ್ಲಿ ಕೂಸುಗಳು ಎದ್ದು ಅಳಲಾರಂಭಿಸಿದವು. ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು. “ಕಿರ್ರಣ್ಣ ಬಂದ,” ಎಂದು ಯಾರೋ ಹೇಳಿದ್ದು ಕೇಳಿಸಿತು.

ಹೊಸ ಕ್ಯಾಬಿನ್ನಿನ ಗಾಜು ಮೆಲ್ಲಗೆ ಇಳಿಯಿತು. ಒಳಗಿನಿಂದ ತಣ್ಣನೆಯ ಗಾಳಿಯ ಜತೆ ಆಕಳಿಕೆಯ ತಲೆ ಹೊರಗೆ ಬಂತು.

“ಅಣ್ಣಾ, ಒಂದು ಮಾತು ಹೇಳೋದು ಮರೆತೆ. ಅದು ಬ್ರೇಕಿನ ಸದ್ದಲ್ಲ ಕಣಣ್ಣಾ. ಗ್ರೀಸ್ ಕಾಣದ ಗಾಲಿ ಚೈನಿನ ಸದ್ದು. ಬ್ರೇಕು ಅದಕ್ಕಿಲ್ಲ. ಪೆಡಲ್ ಮುರಿದು ಎಷ್ಟೋ ಕಾಲ ಆಯ್ತು. ನಾನು ಬ್ಲೇಡ್ ಇಳಿಸಿ ನಿಲ್ಲಿಸ್ತಿದ್ದೆ. ಬ್ಲೇಡಿನ ಲಿವರೂ ಆಗಲೇ ಮೇಲೆತ್ತುವಾಗ ಕೈಗೇ ಬಂತು, ಸೀಟಿನ ಹಿಂದೆ ಇಟ್ಟಿದ್ದೀನಿ ನೋಡು.”

ಕಿರ್ರಣ್ಣ ಮುಂದೆ ನೋಡಿದ. ಇಳಿಜಾರಿನ ತುದಿಯಲ್ಲಿ ಟೀಚರಮ್ಮನ ಗೋಡೆಯ ಉಳಿದರ್ಧ ನಿಂತಿತ್ತು. ಅದರ ಮುಂದೆ ಟೀಚರಮ್ಮ ನಿಂತಿದ್ದರು. ಒಮ್ಮೆ ಮೆಷಿನ್ನನ್ನೂ ಒಮ್ಮೆ ಗೋಡೆಯನ್ನೂ ನೋಡಿ, ಅವರು ಮೆಲ್ಲಗೆ ಪಕ್ಕಕ್ಕೆ ಸರಿದರು. ಪೂರ್ತಿ ಹೊಸದಾಗಿ ಕಟ್ಟಿಕೊಡುತ್ತೇನೆ ಎಂದ ಮಾತು ಅವರಿಗೆ ನೆನಪಿತ್ತೋ ಏನೋ.

ಗುಡ್ಡದ ಮೇಲಿನಿಂದ ಹೆಂಡತಿಯ ದನಿ ಕೇಳಿಸಿತು.

“ರೀ, ಈಗ ಒತ್ತಿ ರೀ. ಈಗ ಒತ್ತಿ.”

ಕಿರ್ರಣ್ಣನ ಬಲಗಾಲು ತನ್ನ ಹಳೆಯ ಅಭ್ಯಾಸದಂತೆ, ಇದ್ದ ಬಲವನ್ನೆಲ್ಲ ಬಿಟ್ಟು ಒತ್ತಿತು. ಪೆಡಲ್ ಇರಬೇಕಾದ ಜಾಗದಲ್ಲಿ ಆಕಳಿಕೆ ತನ್ನ ನೀರಿನ ಬಾಟಲಿ ಇಟ್ಟಿದ್ದ. ಅದು ಫಟ್ಟನೆ ಒಡೆದು, ಅವನ ಮುಖಕ್ಕೆ ತಣ್ಣಗೆ ನೀರು ಚಿಮ್ಮಿಸಿತು.